ಹಳೆಯ ಲ್ಯಾಪ್‌ಟಾಪಿಗೆ ಹೊಸ ಡಿಸ್ಕ್



ಹಾನಗಲ್ಲಿರಲಿ, ಶಿಗ್ಗಾಂವಿಯಿರಲಿ, ಸವಣೂರು, ಹಿರೇಕೆರೂರುಗಳಿರಲಿ, ಅಣ್ಣ ಓದಿ ಮುಗಿಸಿದ ಲ್ಯಾಪ್‌ಟಾಪ್ ತಂಗಿಯ ಪಾಲಿಗೆ ಬರುವುದುಂಟು. ಗುಂಡಿ ಒತ್ತಿ, ಚಹಾ ಕುಡಿದು ಬಂದರೂ ಅದು ಸಿದ್ಧವಾಗಿರುವುದಿಲ್ಲ. ಹಾಗೆಂದು ಅದನ್ನು ಮೂಲೆಗೆಸೆಯಬೇಕೆ? ಬೇಕಿಲ್ಲ. ಅನೇಕ ಸಲ ತಡವಾಗುವುದು ಅದರ ಉಗ್ರಾಣದಿಂದ, ಅಂದರೆ ಹಾರ್ಡ್ ಡಿಸ್ಕಿನಿಂದ.

ಈ ಡಿಸ್ಕಿನೊಳಗೆ ಗ್ರಾಮೊಫೋನ್ ತಟ್ಟೆಯಂತಹ ಬಿಲ್ಲೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತವೆ. ಮಾಹಿತಿ ಇರುವೆಡೆಗೆ ಪುಟ್ಟ ತೋಳೊಂದು ಸರಿಯಬೇಕು. ಆ ಜಾಗ ತಿರುಗಿ ಬರುವತನಕ ಕಾಯಬೇಕು. ಯಂತ್ರ ಆರಂಭವಾಗುವಾಗ ಇಂತಹ ಸಾವಿರಾರು ಓಡಾಟಗಳು ನಡೆಯುತ್ತವೆ. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿನಲ್ಲಿ ತಿರುಗುವ ಭಾಗವೇ ಇಲ್ಲ. ಮಾಹಿತಿ ಚಿಪ್‌ಗಳಲ್ಲಿರುವುದರಿಂದ ಕೂಡಲೇ ಕೈಗೆ ಸಿಗುತ್ತದೆ. ನಿಮ್ಮಲ್ಲಿರುವುದು ಯಾವುದೆಂದು ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ನೋಡಬಹುದು. ಈಗಾಗಲೇ ಎಸ್‌ಎಸ್‌ಡಿ ಇದ್ದರೆ ಹಣ ವ್ಯಯಿಸಬೇಡಿ. ನಿಧಾನಕ್ಕೆ ಬೇರೆ ಕಾರಣ ಹುಡುಕಿ.

ಸ್ಕ್ರೂಡ್ರೈವರ್ ಹಿಡಿಯುವ ಮುನ್ನ ಒಂದು ಮಾತು. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದಕ್ಕಾಗಿಯೇ ಒಂದು ವಿಶ್ವವಿದ್ಯಾಲಯವಿದೆ. ನಮ್ಮ ಹಾಡು, ಕಥೆಗಳಿಗೆ ಅಷ್ಟು ಬೆಲೆಯಿದೆ. ನೀವೂ ಅಜ್ಜಿಯ ಬೀಸುವ ಪದವನ್ನು ಧ್ವನಿಮುದ್ರಿಸಿ ಇಟ್ಟಿದ್ದೀರಿ ಎನ್ನೋಣ. ಡಿಸ್ಕು ಅಂಗಡಿಯಲ್ಲಿ ಸಿಗುತ್ತದೆ. ಆ ದನಿ ಸಿಗದು. ಆದ್ದರಿಂದ ಮೊದಲ ಕೆಲಸ ನಕಲು ಮಾಡಿಕೊಳ್ಳುವುದು, ಅದೂ ಎರಡು ಕಡೆ. ಡಿಸ್ಕು ಕಟಕಟ ಸದ್ದು ಮಾಡುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ. ಬೇರೆಲ್ಲ ಬಿಟ್ಟು ಅಮೂಲ್ಯವಾದುದನ್ನು ಮೊದಲು ಹೊರತೆಗೆಯಿರಿ.

ಅನಂತರ ಅಳತೆ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಎರಡೂವರೆ ಇಂಚಿನ ಸಾಟಾ ಡಿಸ್ಕ್ ಇರುತ್ತದೆ. ದಪ್ಪ 7 ಅಥವಾ 9.5 ಮಿಲಿಮೀಟರ್. ಮಾದರಿಯ ಕೈಪಿಡಿ ನೋಡಿಯೇ ಕೊಳ್ಳಿ. ಯುಎಸ್‌ಬಿ ಕೇಬಲ್ಲಿನ ಮೂಲಕ ಹೊಸ ಡಿಸ್ಕನ್ನು ಜೋಡಿಸಿ, ಹಳೆಯದರ ಯಥಾಪ್ರತಿ ಇಳಿಸಿಕೊಳ್ಳಬಹುದು. ಬಳಿಕ ಯಂತ್ರವನ್ನು ಪೂರ್ಣ ನಿಲ್ಲಿಸಿ, ಚಾರ್ಜರ್ ಕಿತ್ತು, ಬ್ಯಾಟರಿಯ ಸಂಪರ್ಕ ತಪ್ಪಿಸಿ. ಮೈಯಲ್ಲಿನ ಸ್ಥಿರವಿದ್ಯುತ್ತು ಇಳಿಯಲು ಲೋಹವನ್ನೊಮ್ಮೆ ಮುಟ್ಟಿ. ಯಾವ ಸ್ಕ್ರೂ ಎಲ್ಲಿಯದೆಂದು ಕಾಗದದ ಮೇಲೆ ಗುರುತಿಡಿ. ಕೈ ನಡುಗಿದರೆ ಸಂಕೋಚ ಬೇಡ, ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಹೊಸದು ಕೆಲಸ ಮಾಡಿತೆಂದು ಹಳೆಯದನ್ನು ಅಂದೇ ಅಳಿಸಬೇಡಿ. ಕೆಲವು ವಾರ ಜೋಪಾನವಾಗಿಡಿ. ಎಲ್ಲ ಕಡತಗಳೂ ತೆರೆಯುತ್ತವೆಯೇ ಎಂದು ನೋಡಿ. ಯಂತ್ರಕ್ಕೆ ವೇಗ ಬಂದದ್ದು ಸಂತೋಷವೇ. ಆದರೆ ಅಜ್ಜಿಯ ಪದ ಹೊಸ ಡಿಸ್ಕಿನಿಂದಲೂ ಕೇಳಿಸಿದಾಗಲೇ ನಿಮ್ಮ ಕೆಲಸ ಮುಗಿಯಿತೆಂದು ತಿಳಿಯಿರಿ.