ಗಂಟೆ ಬಾಡಿಗೆಯ ಆತುರಕ್ಕೆ ಕೈಕಾಲು ಕೊಡಬೇಡಿ
(ಬೀಳು ಹೊಲ ಸವರುವ ಬಗ್ಗೆ ರೈತರ ಸಭೆಯಲ್ಲಿ ಆಡಿದ ಮಾತು)



ಚಳ್ಳಕೆರೆ, ಪಾವಗಡದ ಕಡೆ ಹೋಗಿ ನೋಡಿ. ಶೇಂಗಾ ಬಿತ್ತುತ್ತಿದ್ದ ಹೊಲಗಳಲ್ಲಿ ಬಳ್ಳಾರಿ ಜಾಲಿ ನಿಂತಿದೆ. ಯಾಕೆ ನಿಂತಿತು? ಬೀಜ, ಗೊಬ್ಬರ, ಕೂಲಿಗೆ ಹಾಕಿದ ದುಡ್ಡು ಮಾರ್ಕೆಟ್ಟಿನಲ್ಲಿ ಹುಟ್ಟಲಿಲ್ಲ, ಮಳೆಯೂ ಕೈಕೊಟ್ಟಿತು, ಹೊಲ ಬೀಳು ಬಿತ್ತು. ನಾವು ಬಿಟ್ಟ ಹೊಲವನ್ನು ಜಾಲಿ ಬಿಡುತ್ತದೆಯೇ? ಕುರಿ ಮೇಕೆ ಅದರ ಕಾಯಿ ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಗಿಡ.

ಈಗ ಮತ್ತೆ ಬಿತ್ತೋಣ ಅಂತ ಮನಸ್ಸು ಮಾಡಿದವರು ಟ್ರ್ಯಾಕ್ಟರಿನ ಹಿಂದೆ ಸ್ಲ್ಯಾಷರ್ ಕಟ್ಟಿಸಿ ಪೊದೆ ಸವರಿಸುತ್ತಿದ್ದೀರಿ. ಒಳ್ಳೆಯ ಯಂತ್ರ, ಬೇಡ ಅನ್ನುವುದಿಲ್ಲ. ಆದರೆ ಬಾಡಿಗೆ ಗಂಟೆ ಲೆಕ್ಕ. ಹೊತ್ತು ಹೋಗುತ್ತಿದೆ ಅಂತ ನಮಗೆ ಆತುರ, ಟ್ರ್ಯಾಕ್ಟರಿನ ಕಂತು ಕಟ್ಟಬೇಕು ಅಂತ ಅವನಿಗೆ ಆತುರ. ಈ ಎರಡು ಆತುರದ ನಡುವೆ ಸಿಕ್ಕಿದ್ದು ನನ್ನ ತಮ್ಮನ ಮಗನ ಕಾಲು.

ಎರಡೆಕರೆ ಬೀಳು. ಸುತ್ತಿ ನೋಡಲು ನಿಂತರೆ ಬಾಡಿಗೆ ದಂಡ ಅಂತ ನೋಡದೆ ಬಿಟ್ಟೆವು. ಟ್ರ್ಯಾಕ್ಟರ್ ಬರುವ ಹಿಂದಿನ ದಿನವೇ ನೋಡಬಹುದಿತ್ತಲ್ಲ ಎಂಬುದು ಆಮೇಲೆ ಹೊಳೆದ ಬುದ್ಧಿ. ಹುಡುಗ ನಲವತ್ತು ಹೆಜ್ಜೆ ದೂರದಲ್ಲಿ ಬದುವಿನ ಮೇಲೆ ನಿಂತಿದ್ದ. ಮುಷ್ಟಿ ಗಾತ್ರದ ಕಲ್ಲು ಹಾರಿ ಬಂದು ಮೊಣಕಾಲ ಕೆಳಗೆ ಮೂಳೆ ಮುರಿಯಿತು. ಒಂದು ಗಂಟೆ ಬಾಡಿಗೆ ಉಳಿಸಲು ಹೋದವರು ಆಸ್ಪತ್ರೆ ಖರ್ಚಿಗೆ ಮನೆಯ ಒಡವೆ ಅಡವಿಟ್ಟೆವು. ಬಡ್ಡಿ ಇನ್ನೂ ಕಟ್ಟುತ್ತಿದ್ದೇವೆ. ಬೆಲೆ ಸಿಗದಿದ್ದರೆ ಸರ್ಕಾರವನ್ನು ಕೇಳುತ್ತೇವೆ. ಈ ಸಾಲಕ್ಕೆ ಯಾರನ್ನು ಕೇಳೋಣ ಹೇಳಿ?

ಲೆಕ್ಕ ಕೇಳಿ. ಪಿ.ಟಿ.ಓ. ಶಾಫ್ಟು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಗೇರ್ ಬಾಕ್ಸು ಅದನ್ನು ಇನ್ನೂ ಏರಿಸಿ ಬ್ಲೇಡಿಗೆ ಕೊಡುತ್ತದೆ. ಐದಡಿ ಯಂತ್ರದಲ್ಲಿ ಬ್ಲೇಡಿನ ತುದಿ ಗಂಟೆಗೆ 200 ಕಿಲೋಮೀಟರಿಗೂ ಮೀರಿ ಓಡುತ್ತದೆ. ಅದಕ್ಕೆ ಸಿಕ್ಕಿದ ಕಲ್ಲು, ತಂತಿ ತುಂಡು 100 ಮೀಟರ್ ದೂರಕ್ಕೂ ಹಾರಬಲ್ಲದು. ನಮ್ಮ ನಲವತ್ತು ಹೆಜ್ಜೆ ಯಾವ ಮೂಲೆಗೆ? ಯಂತ್ರ ಓಡುವಾಗ ಹೊಲದಲ್ಲಿ ಡ್ರೈವರ್ ಒಬ್ಬನೇ ಇರಬೇಕು. ದನಕರು, ಮಕ್ಕಳು, ಬುತ್ತಿ ತಂದವರು ಎಲ್ಲ ದೂರ. ಮುಂದೆ ಹಿಂದೆ ಸರಪಳಿ ಪರದೆ ಇಳಿಬಿಟ್ಟ ಯಂತ್ರವನ್ನೇ ಕೇಳಿ ಹಿಡಿಯಿರಿ. ಮಡ್‌ಗಾರ್ಡಿನ ಮೇಲೆ ಕೂತು ದಾರಿ ತೋರಿಸುವ ಯಜಮಾನಿಕೆ ಬೇಡ; ಜಾರಿದರೆ ನೇರ ಹಿಂದಿನ ಗಾಲಿಗೆ, ಇಲ್ಲವೇ ಬ್ಲೇಡಿಗೆ.

ಹಿಂದಿನ ದಿನವೇ ಹೊಲವನ್ನು ಸಾಲು ಹಿಡಿದು ತುಳಿದು ನೋಡಿ. ಬಾಂದು ಕಲ್ಲು, ಹಳೇ ಬೇಲಿ ತಂತಿ, ಹುತ್ತ, ಬತ್ತಿದ ಬೋರಿನ ಕೇಸಿಂಗು, ಹಾಳು ಬಾವಿ, ಎಲ್ಲ ಪೊದೆಯೊಳಗೇ ಅಡಗಿರುತ್ತವೆ. ತೆಗೆಯಲಾಗದ್ದರ ಪಕ್ಕ ಬಟ್ಟೆ ಕಟ್ಟಿದ ಕೋಲು ನೆಡಿ. ಎಕರೆ ಲೆಕ್ಕಕ್ಕೆ ಗುತ್ತಿಗೆ ಮಾತಾಡಿದರೆ ಡ್ರೈವರ್ ಇನ್ನೂ ಓಡಿಸುತ್ತಾನೆ, ಆದ್ದರಿಂದ ಗಂಟೆ ಲೆಕ್ಕವೇ ಇರಲಿ ಅನ್ನುವುದು ನನ್ನ ಮಾತು.

ಸಣ್ಣ ಸ್ಲ್ಯಾಷರಿಗೆ ಹೆಬ್ಬೆರಳು ದಪ್ಪದ ಗಿಡ ಸಾಕು, ಮುಂಗೈ ದಪ್ಪದ್ದನ್ನು ಕೊಡಲಿಗೆ ಬಿಡಿ. ಗೇರ್ ಬಾಕ್ಸ್ ಉಳಿಯಲೆಂದೇ ಕೆಲವು ಯಂತ್ರಕ್ಕೆ ಬೇಗ ತುಂಡಾಗುವ ಬೋಲ್ಟು ಇಟ್ಟಿರುತ್ತಾರೆ. ಪದೇ ಪದೇ ಮುರಿಯುತ್ತೆ ಅಂತ ಅಲ್ಲಿ ಗಟ್ಟಿ ಬೋಲ್ಟು ಬಿಗಿಯುವ ಬುದ್ಧಿವಂತರಿದ್ದಾರೆ. ಆಮೇಲೆ ಗೇರ್ ಬಾಕ್ಸಿಗೆ ಸಾಲ ಹುಡುಕುತ್ತಾರೆ. ಇಳಿಜಾರಿನಲ್ಲಿ ಅಡ್ಡ ಓಡಿಸಬೇಡಿ.

ಪಂಚೆ, ಹೆಗಲ ಟವಲ್ಲಿನ ಮಾತು ಹೇಳಲೇಬೇಕು. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಆ ಯಂತ್ರ ವಾಪಸ್ ಕಳಿಸಿ. ಸೆಕೆಂಡಿಗೆ ಒಂಬತ್ತು ಸುತ್ತು ಅಂದೆನಲ್ಲ, ಟವಲ್ಲಿನ ತುದಿ ಸಿಕ್ಕಿದ್ದು ನಿಮಗೆ ಗೊತ್ತಾಗುವಷ್ಟರಲ್ಲಿ ಕೈಯೂ ಹೋಗಿರುತ್ತದೆ. ಬಳ್ಳಿ ಸುತ್ತಿಕೊಂಡು ಯಂತ್ರ ನಿಂತರೆ ಪಿ.ಟಿ.ಓ. ಬಿಡಿಸಿ, ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಳ್ಳಿ. ಆಮೇಲೂ ಬ್ಲೇಡು ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ. ಪೂರ್ತಿ ನಿಲ್ಲುವವರೆಗೆ ಬೀಡಿ ಸೇದಿ ಬೇಕಾದರೆ, ಒಣ ಹುಲ್ಲಿನಿಂದ ದೂರ. ಎತ್ತಿ ನಿಲ್ಲಿಸಿದ ಯಂತ್ರದ ಕೆಳಗೆ ಬರೀ ಹೈಡ್ರಾಲಿಕ್ ನಂಬಿ ಕೈ ಹಾಕಬೇಡಿ, ಗಟ್ಟಿ ಮರದ ದಿಮ್ಮಿ ಕೊಡಿ.

ಇನ್ನೊಂದು ಮಾತು. ಸವರಿದ ಮಾತ್ರಕ್ಕೆ ಜಾಲಿ ಸಾಯುವುದಿಲ್ಲ, ಬುಡದಿಂದ ನಾಲ್ಕಾರು ಕವಲೊಡೆದು ಮತ್ತೆ ಏಳುತ್ತದೆ. ಮಳೆ ಬಿದ್ದು ನೆಲ ಮೆತ್ತಗಾದಾಗ ಬೊಡ್ಡೆಯನ್ನು ಗೇಣು ಆಳದಿಂದ ಅಗೆಸಿ ತೆಗೆಸಿ. ಇಲ್ಲದಿದ್ದರೆ ಮುಂದಿನ ವರ್ಷ ಅದೇ ಟ್ರ್ಯಾಕ್ಟರು, ಅದೇ ಬಾಡಿಗೆ.