ಸಿಮೆಯೋನನ ಕಾಯುವಿಕೆ, ನಮ್ಮ ಮಕ್ಕಳ ಕಾಯುವಿಕೆ

(ಪ್ರಭು ಯೇಸುವಿನ ಸಮರ್ಪಣೆಯ ಹಬ್ಬ, ಫೆಬ್ರವರಿ 2. ಶುಭಸಂದೇಶ: ಲೂಕ 2:22-40. ಚಂದಾಪುರದಲ್ಲಿ ನೀಡಿದ ಪ್ರಬೋಧನೆ.)



ಕ್ರಿಸ್ತ ಜಯಂತಿಯಾಗಿ ಇಂದಿಗೆ ನಲವತ್ತು ದಿನಗಳು. ಗೋದಲಿಯನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟಿದ್ದೇವೆ. ನಕ್ಷತ್ರಗಳನ್ನು ಇಳಿಸಿದ್ದೇವೆ. ಕೆಲವರ ಮನೆಯ ಮುಂದೆ ಇನ್ನೂ ತೂಗಾಡುತ್ತಿವೆ, ಪರವಾಗಿಲ್ಲ. ಇಂದು ಮೇಣದ ಬತ್ತಿಗಳನ್ನು ಹಿಡಿದು ಮೆರವಣಿಗೆಯಲ್ಲಿ ದೇವಾಲಯದ ಒಳಗೆ ಬಂದೆವು. ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಮಗುವನ್ನು ಎತ್ತಿಕೊಂಡು ಜೆರುಸಲೇಮಿನ ದೇವಾಲಯಕ್ಕೆ ಬಂದದ್ದು ಇದೇ ರೀತಿ, ಮೋಶೆಯ ಧರ್ಮಶಾಸ್ತ್ರದ ಪ್ರಕಾರ. ಕುರಿಮರಿ ಕೊಡುವ ಶಕ್ತಿ ಇಲ್ಲದ ಬಡವರಿಗೆಂದು ಹೇಳಿದ ಕಾಣಿಕೆ, ಒಂದು ಜೊತೆ ಹಕ್ಕಿಗಳು, ಅವರ ಕೈಯಲ್ಲಿತ್ತು. ಆ ದೊಡ್ಡ ದೇವಾಲಯದಲ್ಲಿ ಯಾಜಕರು ಎಷ್ಟೋ ಜನ ಇದ್ದಿರಬೇಕು. ಮಗುವನ್ನು ಗುರುತಿಸಿದವರು ಮಾತ್ರ ಇಬ್ಬರು: ಸಿಮೆಯೋನ ಮತ್ತು ಅನ್ನಾ. ಇಬ್ಬರೂ ಕಾಯುತ್ತಿದ್ದವರು.

ಸಿಮೆಯೋನನಿಗೆ ಪವಿತ್ರಾತ್ಮರು ಒಂದು ಮಾತು ಕೊಟ್ಟಿದ್ದರು. ಪ್ರಭು ಕಳುಹಿಸುವ ಅಭಿಷಿಕ್ತನನ್ನು ಕಾಣುವವರೆಗೆ ಅವನಿಗೆ ಸಾವಿಲ್ಲ. ಮಾತು ಕೊಟ್ಟರು, ತಾರೀಖು ಕೊಡಲಿಲ್ಲ. ನಾವು ಚಿತ್ರಗಳಲ್ಲಿ ಸಿಮೆಯೋನನನ್ನು ಬಿಳಿ ಗಡ್ಡದ ಮುದುಕನಾಗಿ ಕಾಣುತ್ತೇವೆ, ಆದರೆ ಅವನ ವಯಸ್ಸನ್ನು ಸಂತ ಲೂಕರು ಬರೆದಿಲ್ಲ. ಅನ್ನಾಳ ವಿಷಯದಲ್ಲಿ ಮಾತ್ರ ಲೆಕ್ಕ ಕೊಟ್ಟಿದ್ದಾರೆ: ಏಳು ವರ್ಷ ಸಂಸಾರ, ಆಮೇಲೆ ವಿಧವೆ, ಎಂಬತ್ತನಾಲ್ಕರ ಅಜ್ಜಿ.

ಕಾಯುವುದು ಎಂದರೆ ಏನೆಂದು ಚಂದಾಪುರದವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಸರ್ಕಲ್ಲಿನಲ್ಲಿ ಕಂಪನಿ ಬಸ್ಸಿಗೆ ಬೆಳಗಿನ ಜಾವದಿಂದ ನಿಲ್ಲುತ್ತೀರಿ. ಬೊಮ್ಮಸಂದ್ರದ ಮೆಟ್ರೋಗೆ ಎಷ್ಟು ವರ್ಷ ಕಾದಿರಿ? ಗಡುವಿನ ಮೇಲೆ ಗಡುವು ದಾಟಿ, ಕೊನೆಗೆ 2025ರ ಆಗಸ್ಟ್ 10ರಂದು ಹಳದಿ ಮಾರ್ಗ ಉದ್ಘಾಟನೆಯಾಯಿತು. ಆಗ ಇದ್ದದ್ದು ಮೂರೇ ರೈಲು, ಆದ್ದರಿಂದ ನಿಲ್ದಾಣದೊಳಗೂ ಇಪ್ಪತ್ತೈದು ನಿಮಿಷ ಕಾಯಬೇಕಾಯಿತು! ಆದರೆ ರೈಲು ಬರುತ್ತದೆ ಎಂದು ಗೊತ್ತಿದ್ದು ಕಾಯುವುದು ಒಂದು, ಬರುತ್ತದೋ ಇಲ್ಲವೋ ಗೊತ್ತಿಲ್ಲದೆ ಕಾಯುವುದು ಮತ್ತೊಂದು.

ನಮ್ಮ ಧರ್ಮಕೇಂದ್ರದಲ್ಲಿ ಈ ಎರಡನೆಯ ರೀತಿಯಲ್ಲಿ ಕಾಯುತ್ತಿರುವ ಮಕ್ಕಳಿದ್ದಾರೆ. ಕ್ರಿಸ್ಮಸ್ ಸಮಯದಲ್ಲಿ ಮನೆಗಳನ್ನು ಆಶೀರ್ವದಿಸಲು ಹೋದಾಗ ಒಂದು ಮನೆಯಲ್ಲಿ ಕುಳಿತೆವು. ತಂದೆ ಕಾರ್ಖಾನೆಯ ಕೆಲಸಗಾರರು, ತಾಯಿ ಗಾರ್ಮೆಂಟ್ಸ್‌ಗೆ ಹೋಗುವವರು. ಮಗಳು ಕನ್ನಡ ಎಂ.ಎ. ಮುಗಿಸಿ, ಸಾಹಿತ್ಯದಲ್ಲಿ ಪಿಎಚ್.ಡಿ. ಮಾಡಬೇಕೆಂದು ಅರ್ಜಿ ಹಾಕಿ ಕಾಯುತ್ತಿದ್ದಾಳೆ. ಅವರ ಒಪ್ಪಿಗೆ ಪಡೆದೇ ಈ ಮಾತನ್ನು ಇಲ್ಲಿ ಹೇಳುತ್ತಿದ್ದೇವೆ. ತಾಯಿ ಕಾಫಿ ಕೊಟ್ಟು ಹೇಳಿದರು: "ಫಾದರ್, ಇವಳಿಗೋಸ್ಕರ ಒಂದು ನೊವೇನ ಮಾಡಿ. ಸೀಟು ಸಿಕ್ಕಿದ್ರೆ ಸರಿ. ಸಿಗಲಿಲ್ಲ ಅಂದ್ರೆ ದೇವರಿಗೇ ಇಷ್ಟವಿಲ್ಲ ಅಂತ ತಿಳ್ಕೊಂಡು ಕಂಪನಿಗೆ ಕಳಿಸಿಬಿಡ್ತೀವಿ." ಮಗಳು ಮೊಬೈಲಿನಿಂದ ತಲೆ ಎತ್ತಲಿಲ್ಲ. ನಾವು ಹೊರಡುವಾಗ ಬಾಗಿಲವರೆಗೆ ಬಂದು, "ಇಲ್ಲ ಅಂದ್ರೆ ತಡ್ಕೋಬಹುದು ಫಾದರ್, ಏನೂ ಹೇಳದೇ ಇರ್ತಾರಲ್ಲ, ಅದೇ ಕಷ್ಟ" ಎಂದಳು.

ಈ ಮಕ್ಕಳ ದಾರಿ ಹೇಗಿದೆ ಎಂದು ನಮ್ಮ ಮನೆಗಳಲ್ಲಿ ಅನೇಕರಿಗೆ ತಿಳಿದಿಲ್ಲ. ಸಿಇಟಿ ಆದರೆ ಒಂದು ಪರೀಕ್ಷೆ, ಒಂದು ದಿನ ಫಲಿತಾಂಶ, ಒಂದು ರ‍್ಯಾಂಕ್. ಇದು ಹಾಗಲ್ಲ. ಎಂ.ಎ.ಯಲ್ಲಿ ಒಳ್ಳೆಯ ಅಂಕ ಇರಬೇಕು. ಯುಜಿಸಿ ನೆಟ್ ಬರೆಯಬೇಕು. 2024ರಿಂದ ಅದೇ ಪರೀಕ್ಷೆಯ ಅಂಕಗಳನ್ನು ಪಿಎಚ್.ಡಿ. ಪ್ರವೇಶಕ್ಕೂ ತೆಗೆದುಕೊಳ್ಳುತ್ತಾರೆ. ಜೆ.ಆರ್.ಎಫ್. ಸಿಗದವರಿಗೆ ಪರೀಕ್ಷೆಗೆ ಶೇಕಡ 70, ಸಂದರ್ಶನಕ್ಕೆ ಶೇಕಡ 30, ಮತ್ತು ಆ ಅಂಕಗಳಿಗೆ ಬೆಲೆ ಇರುವುದು ಒಂದೇ ವರ್ಷ. ಜೆ.ಆರ್.ಎಫ್. ಸಿಕ್ಕಿದರೆ ತಿಂಗಳಿಗೆ 37,000 ರೂಪಾಯಿ ವೇತನ ಉಂಟು. ಓದುವ ಮಗಳು ಮನೆಗೆ ಹೊರೆ ಎನ್ನುವವರು ಇದನ್ನೂ ಕೇಳಿಸಿಕೊಳ್ಳಲಿ. ಇಷ್ಟೆಲ್ಲ ಆದ ಮೇಲೂ ಮಾರ್ಗದರ್ಶಕರ ಬಳಿ ಜಾಗ ಖಾಲಿ ಇರಬೇಕು. ಒಬ್ಬ ಪ್ರೊಫೆಸರರು ಒಂದು ಸಮಯಕ್ಕೆ ಎಂಟು ಜನರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು, ಅಸೋಸಿಯೇಟ್ ಪ್ರೊಫೆಸರರು ಆರು ಜನರಿಗೆ, ಅಸಿಸ್ಟೆಂಟ್ ಪ್ರೊಫೆಸರರು ನಾಲ್ಕು ಜನರಿಗೆ. ಮೊದಲು ಸೇರಿದವರು ಪ್ರಬಂಧ ಮುಗಿಸಿ ಹೊರಬಂದರೆ ಮಾತ್ರ ನಮ್ಮ ಹುಡುಗಿಗೆ ಬಾಗಿಲು. ಯಾರೋ ಕಾಣದವರು ತಮ್ಮ ಕೊನೆಯ ಅಧ್ಯಾಯ ಬರೆಯಲಿ ಎಂದು ಇವಳು ಕಾಯಬೇಕು.

2024ರ ಜೂನ್ 18ರಂದು ದೇಶದಲ್ಲಿ 9 ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳು ನೆಟ್ ಬರೆದರು. ಮರುದಿನವೇ ಪರೀಕ್ಷೆ ರದ್ದಾಯಿತು. ಆಗಸ್ಟ್ 21ರಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಮತ್ತೆ ನಡೆಸಿದರು. ಫಲಿತಾಂಶ ಬಂದದ್ದು ಅಕ್ಟೋಬರ್ 17ಕ್ಕೆ. ನಾಲ್ಕು ತಿಂಗಳು ಆ ಮಕ್ಕಳು ಮಾಡಿದ ತಪ್ಪಾದರೂ ಏನು? ಹೊರದೇಶಕ್ಕೆ ಅರ್ಜಿ ಹಾಕಿದವರ ಕಥೆಯೂ ಬೇರೆಯಲ್ಲ. ಅಮೆರಿಕಕ್ಕೆ ಡಿಸೆಂಬರಿನಲ್ಲಿ ಅರ್ಜಿ ಕಳುಹಿಸಿದರೆ ಮಾರ್ಚ್‌ವರೆಗೂ ಇಮೇಲ್ ನೋಡುತ್ತ ಕೂರಬೇಕು. ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತ ನಮ್ಮ ವಚನಗಳನ್ನು ಇಂಗ್ಲಿಷಿಗೆ ತಂದರು. 2025ರ ಆಗಸ್ಟ್‌ನಲ್ಲಿ ಅದೇ ವಿಶ್ವವಿದ್ಯಾಲಯ, ಸಾಹಿತ್ಯ ಮೊದಲಾದ ಮಾನವಿಕ ವಿಷಯಗಳ ಹಲವು ವಿಭಾಗಗಳಲ್ಲಿ 2026-27ಕ್ಕೆ ಪಿಎಚ್.ಡಿ.ಗೆ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ ಎಂದು ಪ್ರಕಟಿಸಿತು. ಅಲ್ಲಿಗೆ ಸೇರಬೇಕೆಂದು ವರ್ಷಗಟ್ಟಲೆ ಸಿದ್ಧತೆ ನಡೆಸಿದವರ ಯೋಗ್ಯತೆ ಆ ಒಂದು ದಿನದಲ್ಲಿ ಕಡಿಮೆಯಾಯಿತೇ?

ಪ್ರಿಯರೇ, ಇದಕ್ಕಾಗಿಯೇ ಆ ತಾಯಿಯ ಮಾತನ್ನು ನಾವು ಅಲ್ಲಿಗೇ ಬಿಡಲಾರೆವು. "ಸಿಗದಿದ್ದರೆ ದೇವರಿಗೆ ಇಷ್ಟವಿಲ್ಲ." ಭಕ್ತಿಯ ಮಾತಿನಂತೆ ಕೇಳುತ್ತದೆ. ಆದರೆ ಮಾರ್ಗದರ್ಶಕರ ಕೊಠಡಿಯಲ್ಲಿ ಕುರ್ಚಿ ಖಾಲಿ ಇಲ್ಲದಿರುವುದನ್ನು, ಒಂದು ಕಚೇರಿಯ ತಡವನ್ನು, ಹಣವಿಲ್ಲದೆ ಮುಚ್ಚಿದ ವಿಭಾಗವನ್ನು ದೇವರ ಹೆಸರಿಗೆ ಬರೆಯುವ ಹಕ್ಕು ನಮಗೆ ಯಾರು ಕೊಟ್ಟರು? ಆ ಪತ್ರಕ್ಕೆ ಸಹಿ ಹಾಕುವವರು ಮನುಷ್ಯರು. ಅವರ ಮುಂದಿರುವುದು ಕಾಗದಗಳು. ನಮ್ಮ ಮಗಳು ಅವರ ಮುಂದಿಲ್ಲ. ದೇವರು ಅವಳನ್ನು ಆರಿಸಿಕೊಂಡದ್ದು ಜ್ಞಾನಸ್ನಾನದ ತೊಟ್ಟಿಯಲ್ಲಿ, ಆ ಆಯ್ಕೆಗೆ ಕಾಯುವವರ ಪಟ್ಟಿ ಇಲ್ಲ. ನೊವೇನ ಖಂಡಿತ ಮಾಡೋಣ. ಮೇಣದ ಬತ್ತಿಯನ್ನೂ ಹಚ್ಚೋಣ. ಆದರೆ ಬತ್ತಿ ಹಚ್ಚುವುದು ಆಯ್ಕೆ ಸಮಿತಿಗೆ ಮೇಲಿನಿಂದ ಶಿಫಾರಸು ಮಾಡಿಸಲು ಅಲ್ಲ.

ಪತ್ರಕ್ಕಾಗಿ ಕಾದು ಅತ್ತ ಒಬ್ಬ ಹುಡುಗಿ ನಮ್ಮ ಸಂತರ ಪಟ್ಟಿಯಲ್ಲಿದ್ದಾಳೆ. ನಿಮ್ಮೆಲ್ಲರ ಮನೆಯಲ್ಲಿ ಅವಳ ಚಿತ್ರ ಇದೆ: ಕೈತುಂಬ ಗುಲಾಬಿ, ಒಂದು ಶಿಲುಬೆ. ಲಿಸ್ಯೂವಿನ ಸಂತ ತೆರೇಸಾ, ನಮ್ಮ ಲಿಟ್ಲ್ ಫ್ಲವರ್. 1887ರಲ್ಲಿ ಅವಳಿಗೆ ಹದಿನಾಲ್ಕು ವರ್ಷ. ಆ ಕ್ರಿಸ್ಮಸ್‌ಗೆ ಕಾರ್ಮೆಲ್ ಮಠ ಸೇರಬೇಕೆಂಬ ಆಸೆ. ವಯಸ್ಸು ಸಾಲದು ಎಂದರು. ತಂದೆಯ ಜೊತೆ ಧರ್ಮಾಧ್ಯಕ್ಷರ ಬಳಿ ಹೋದಳು, ರೋಮಿಗೂ ಹೋದಳು. ನವೆಂಬರ್ 20ರಂದು ಹದಿಮೂರನೆಯ ಲಿಯೋ ಪೋಪರ ಪಾದದ ಬಳಿ ಮೊಣಕಾಲೂರಿ, ಮಾತಾಡಬಾರದೆಂದು ಹೇಳಿದ್ದರೂ ಬೇಡಿಕೊಂಡಳು. ಹಿರಿಯರು ಹೇಳಿದಂತೆ ಮಾಡು ಮಗು ಎಂಬ ಅರ್ಥದಲ್ಲಿ ಅವರು ಉತ್ತರಿಸಿದರು. ಏಳಲೊಲ್ಲದ ಅವಳನ್ನು ಕಾವಲುಗಾರರೇ ಎಬ್ಬಿಸಿ ಕರೆದೊಯ್ಯಬೇಕಾಯಿತು. ಊರಿಗೆ ಮರಳಿದ ಮೇಲೆ ದಿನಾ ಬಲಿಪೂಜೆ ಮುಗಿಸಿಕೊಂಡು ಅಪ್ಪನ ಜೊತೆ ಅಂಚೆ ಕಚೇರಿಗೆ ಹೋಗುತ್ತಿದ್ದಳು. ಇಂದು ಬಂದೀತು, ನಾಳೆ ಬಂದೀತು. ಕ್ರಿಸ್ಮಸ್ ಬಂತು, ಪತ್ರ ಬರಲಿಲ್ಲ. ನಮ್ಮ ಹುಡುಗಿ ಇಮೇಲ್ ನೋಡುವಂತೆ ಅವಳು ಅಂಚೆ ನೋಡಿದಳು. ಸಂತಳಾಗಲಿದ್ದವಳು ಕಣ್ಣೀರು ಹಾಕಿದಳು, ಅದು ವಿಶ್ವಾಸದ ಕೊರತೆ ಎಂದು ಯಾರೂ ಹೇಳಿಲ್ಲ.

ಹೊಸ ವರ್ಷದ ದಿನ ಸುದ್ದಿ ಬಂತು. ಧರ್ಮಾಧ್ಯಕ್ಷರು ಒಪ್ಪಿದ್ದಾರೆ, ಆದರೆ ಮಠದ ಮೇಲಧಿಕಾರಿಣಿ ತಪಸ್ಸುಕಾಲ ಮುಗಿಯುವವರೆಗೆ ಕಾಯಲಿ ಎಂದಿದ್ದಾರೆ. ಇನ್ನೂ ಮೂರು ತಿಂಗಳು! ಈ ಮೂರು ತಿಂಗಳು ಸ್ವಲ್ಪ ಸಡಿಲವಾಗಿ ಇದ್ದುಬಿಡೋಣ ಎಂದು ಮೊದಲು ಅವಳಿಗೂ ಅನ್ನಿಸಿತು. ಆಮೇಲೆ ಬೇರೆ ಯೋಚನೆ ಮಾಡಿದಳು. ನಾಲಗೆಗೆ ಬಂದ ಎದುರು ಮಾತನ್ನು ನುಂಗುವುದು, ಮನೆಯವರಿಗೆ ಗೊತ್ತಾಗದಂತೆ ಸಣ್ಣಪುಟ್ಟ ಸಹಾಯ ಮಾಡುವುದು, ಕುಳಿತಾಗ ಬೆನ್ನು ಒರಗಿಸದಿರುವುದು. ಇಷ್ಟೇ. ಆ ಪುಟ್ಟ ದಾರಿಯನ್ನು ಅವಳು ಮಠದೊಳಗೆ ಹೋಗುವ ಮೊದಲೇ, ಹೊರಗೆ ಕಾಯುತ್ತಿರುವಾಗಲೇ ನಡೆಯತೊಡಗಿದ್ದಳು. 1888ರ ಏಪ್ರಿಲ್ 9ರಂದು ಮಠದ ಬಾಗಿಲು ತೆರೆಯಿತು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ತೀರಿಕೊಂಡಳು. ಯಾವ ವಿಶ್ವವಿದ್ಯಾಲಯದ ಮೆಟ್ಟಿಲನ್ನೂ ಹತ್ತದ ಈಕೆಯನ್ನು 1997ರಲ್ಲಿ ಎರಡನೆಯ ಜಾನ್ ಪೌಲ್ ಪೋಪರು ಧರ್ಮಸಭೆಯ ಡಾಕ್ಟರ್, ಅಂದರೆ ಮಹಾಪಂಡಿತೆ ಎಂದು ಘೋಷಿಸಿದರು.

ಸಿಮೆಯೋನನನ್ನೂ ಅನ್ನಾಳನ್ನೂ ಈ ಬೆಳಕಿನಲ್ಲಿ ನೋಡಿ. ಅವರು ಕಾಯುತ್ತ ಬಾಗಿಲು ಮುಚ್ಚಿಕೊಂಡು ಮನೆಯಲ್ಲಿ ಕೂರಲಿಲ್ಲ. ಅನ್ನಾ ಹಗಲಿರುಳು ದೇವಾಲಯದಲ್ಲಿ ಉಪವಾಸ, ಪ್ರಾರ್ಥನೆ ಮಾಡುತ್ತಿದ್ದಳು. ಅಂದು ಸಿಮೆಯೋನನೂ ಆತ್ಮರ ಪ್ರೇರಣೆಯಿಂದ ಎದ್ದು ಬಂದ. ಕಾಯುತ್ತಿರುವ ನಮ್ಮ ಮಕ್ಕಳಿಗೆ ಹೇಳುತ್ತೇವೆ: ಓದನ್ನು ನಿಲ್ಲಿಸಬೇಡಿ. ಹಳಗನ್ನಡ ಓದುವವರು ದಿನಕ್ಕೆ ನಾಲ್ಕು ಪದ್ಯ ಓದಿ. ಧರ್ಮೋಪದೇಶದ ಮಕ್ಕಳಿಗೆ ಕನ್ನಡ ಅಕ್ಷರ ಬರುವುದಿಲ್ಲ, ಬಂದು ಕಲಿಸಿ. ಪತ್ರ ಬಂದ ಮೇಲೆ ಶುರುವಾಗುವ ಜೀವನ ಎಂದು ಬೇರೆ ಒಂದಿಲ್ಲ. ಈ ಫೆಬ್ರವರಿಯೂ ನಿಮ್ಮ ಆಯುಸ್ಸಿನದೇ.

"ಅಷ್ಟಕ್ಕೂ ಸಾಹಿತ್ಯ ಓದಿ ಏನು ಪ್ರಯೋಜನ ಫಾದರ್?" ಎಂದು ಕೇಳುವವರಿದ್ದಾರೆ. ಎಲೆಕ್ಟ್ರಾನಿಕ್ ಸಿಟಿ ಪಕ್ಕದಲ್ಲಿರುವಾಗ ಈ ಪ್ರಶ್ನೆ ಸಹಜ. ನಮ್ಮ ಉತ್ತರಕ್ಕಿಂತ ದೊಡ್ಡವರ ಉತ್ತರವಿದೆ. ದಿವಂಗತ ಫ್ರಾನ್ಸಿಸ್ ಪೋಪರು 2024ರ ಜುಲೈ 17ರ ತಾರೀಖಿನಲ್ಲಿ ಒಂದು ಪೂರ್ತಿ ಪತ್ರವನ್ನು ಸಾಹಿತ್ಯದ ಓದಿನ ಬಗ್ಗೆಯೇ ಬರೆದರು. ಗುರುಮಠಗಳಲ್ಲಿ ಓದುವವರಿಗೆ ಮಾತ್ರವಲ್ಲ, ಎಲ್ಲ ಕ್ರೈಸ್ತರಿಗೂ ಕಥೆ ಕಾವ್ಯಗಳು ಬೇಕು, ಅವು ಇನ್ನೊಬ್ಬರ ದನಿಯನ್ನು ಕೇಳಿಸಿಕೊಳ್ಳಲು ಕಲಿಸುತ್ತವೆ ಎಂಬುದು ಅದರ ತಿರುಳು. ಅವರೇ 1964-65ರಲ್ಲಿ ಅರ್ಜೆಂಟೀನಾದ ಸಾಂತಾ ಫೆಯಲ್ಲಿ ಶಾಲಾ ಮಕ್ಕಳಿಗೆ ಸಾಹಿತ್ಯ ಕಲಿಸಿದವರು. ಅಷ್ಟು ದೂರವೇಕೆ, ನಮ್ಮ ಕನ್ನಡ ಕಥೋಲಿಕರ ಮನೆಯವರೇ ಆದ ಸಾಗರದ ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯಲ್ಲಿ ದುಡಿಯುತ್ತ 'ಮುಳುಗಡೆ', 'ದ್ವೀಪ' ಬರೆದರು. ಅಣೆಕಟ್ಟಿನಿಂದ ಮನೆ ಕಳೆದುಕೊಂಡವರ ದುಃಖ ನಾಡಿಗೆ ತಿಳಿದದ್ದು ಅಂಥ ಪುಸ್ತಕಗಳಿಂದಲೂ ಅಲ್ಲವೇ? 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 2025ರ ಜನವರಿ 5ರಂದು ನಮ್ಮನ್ನಗಲಿದರು. ಅವರನ್ನು ಓದಿ, ಅವರ ಮೇಲೆ ಸಂಶೋಧನೆ ಮಾಡುವ ಮಗಳು ನಮ್ಮ ಧರ್ಮಕೇಂದ್ರದಿಂದ ಹೋದರೆ ನಮಗೆ ನಷ್ಟವೇ?

ಇನ್ನು "ಇಲ್ಲ" ಎಂಬ ಉತ್ತರ ಬಂದರೆ? ಬರಬಹುದು. ಹೆಚ್ಚು ಜನಕ್ಕೆ ಅದೇ ಬರುತ್ತದೆ, ಸೀಟುಗಳೇ ಅಷ್ಟಿರುವುದು. ನಾವು ಸುಳ್ಳು ಧೈರ್ಯ ಹೇಳುವುದಿಲ್ಲ. ಇಂದಿನ ಶುಭಸಂದೇಶದಲ್ಲಿ ಸಿಮೆಯೋನನು ಆನಂದದಿಂದ ದೇವರನ್ನು ಕೊಂಡಾಡಿದ ಬಾಯಿಯಲ್ಲೇ ಮರಿಯಮ್ಮನವರಿಗೆ ಅಲಗಿನ ಮಾತನ್ನೂ ಹೇಳುತ್ತಾನೆ. ನಲವತ್ತು ದಿನದ ಬಾಣಂತಿಗೆ ಎಂಥ ಮಾತು! ಆ ತಾಯಿ ಓಡಿಹೋಗಲಿಲ್ಲ, ಮಗುವನ್ನು ಬಿಟ್ಟುಕೊಡಲಿಲ್ಲ, ಎತ್ತಿಕೊಂಡು ನಜರೇತಿಗೆ ಹಿಂದಿರುಗಿದರು. ಸಿಮೆಯೋನನಾದರೂ ಕಂಡದ್ದು ಒಂದು ಕೂಸನ್ನು ಮಾತ್ರ. ಆ ಕೂಸು ಬೆಳೆದು ಮಾಡಿದ ಬೋಧನೆಯನ್ನು ಅವನು ಕೇಳಿದನೆಂದು ಲೂಕರು ಬರೆದಿಲ್ಲ. ತೋಳಿಗೆ ಬಂದಷ್ಟನ್ನೇ ಅಪ್ಪಿಕೊಂಡು, ಸಮಾಧಾನದಿಂದ ಹೊರಡುತ್ತೇನೆ ಎಂದ.

ಮನೆಯವರಿಗೆ ಒಂದು ಮಾತು, ಸ್ವಲ್ಪ ಖಾರವಾಗಿಯೇ. ಬಲಿಪೂಜೆ ಮುಗಿದು ದೇವಾಲಯದ ಗೇಟಿನ ಬಳಿ ಆ ಮಕ್ಕಳು ಕಂಡಾಗ "ಏನಮ್ಮ, ಇನ್ನೂ ಆಗಲಿಲ್ವಾ? ಯಾವಾಗ ಕೆಲಸ, ಯಾವಾಗ ಮದುವೆ?" ಎಂದು ಕೇಳುತ್ತೀರಿ. ಪ್ರೀತಿಯಿಂದಲೇ ಕೇಳುತ್ತೀರಿ, ಒಪ್ಪುತ್ತೇವೆ. ಆದರೆ ಅದಕ್ಕೆ ಹೆದರಿ ಕೆಲವರು ಭಾನುವಾರ ಬೇರೆ ದೇವಾಲಯಕ್ಕೆ ಹೋಗುತ್ತಿದ್ದಾರೆ ಎಂದು ನಿಮಗೆ ಗೊತ್ತೇ? ಲಿಟ್ಲ್ ಫ್ಲವರ್‌ಳ ತಂದೆ ದಿನಾ ಮಗಳ ಜೊತೆ ಅಂಚೆ ಕಚೇರಿಗೆ ನಡೆದರು. ಪತ್ರ ತರಿಸುವ ಶಕ್ತಿ ಅವರಿಗೂ ಇರಲಿಲ್ಲ, ಜೊತೆಗೆ ನಡೆದರು ಅಷ್ಟೇ.

ವಿಶ್ವಾಸಿಗಳ ಬಿನ್ನಹಗಳಲ್ಲಿ ಇಂದು ಈ ಮಕ್ಕಳಿಗಾಗಿಯೂ, ಫಲಿತಾಂಶಗಳನ್ನು ಬರೆಯುವ ಕೈಗಳಿಗಾಗಿಯೂ ಒಂದು ಬಿನ್ನಹ ಸೇರಿಸಿದ್ದೇವೆ. ಆಶೀರ್ವದಿಸಿದ ಮೇಣದ ಬತ್ತಿಗಳು ಇನ್ನೂ ಒಂದು ಪೆಟ್ಟಿಗೆಯಷ್ಟು ಉಳಿದಿವೆ, ಪಕ್ಕದ ಬಾಗಿಲ ಬಳಿ ಇಟ್ಟಿರುತ್ತೇವೆ. ನಿಮ್ಮ ಬೀದಿಯಲ್ಲಿ ಕಾಯುತ್ತಿರುವವರು ಯಾರಾದರೂ ಇದ್ದು, ಇಂದು ಬಾರದೆ ಉಳಿದಿದ್ದರೆ, ಅವರಿಗೊಂದು ಕೊಂಡೊಯ್ದು ಕೊಡಿ. ಬಾಗಿಲು ತೆರೆದಾಗ ಪತ್ರ ಬಂತೇ ಎಂದು ಮಾತ್ರ ಕೇಳಬೇಡಿ.