ಏರಿನಲ್ಲಿ ಕುದಿಯುವ ಹಳೇ ಪಿಕಪ್

ಈ ರೇಡಿಯೋ ಮಾಲಿಕೆಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಊರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದೆ. ಶ್ರೀನಿವಾಸಪುರದ ಮಾವಿನ ತೋಟದವರು ಬರೆಯುತ್ತಾರೆ, ಅರಕಲಗೂಡಿನ ಆಲೂಗಡ್ಡೆ ಬೆಳೆಗಾರರು ಬರೆಯುತ್ತಾರೆ, ಕರಾವಳಿಯಿಂದ ಹಾಸನಕ್ಕೆ ಮೀನು ಹೊಡೆಯುವವರೂ ಬರೆಯುತ್ತಾರೆ. ಒಕ್ಕಣೆ ಮಾತ್ರ ಒಂದೇ. ಪಿಕಪ್‌ಗೆ ಹತ್ತು ಹನ್ನೆರಡು ವರ್ಷ ಆಯಿತು. ಖಾಲಿ ಓಡಿಸಿದರೆ ಏನೂ ತೊಂದರೆ ಇಲ್ಲ. ಲೋಡ್ ಹಾಕಿ ಏರು ಹತ್ತಿಸಿದರೆ ಹೀಟ್ ಆಗುತ್ತದೆ, ಎಳೆಯುವುದಿಲ್ಲ, ಹೊಗೆ ಕಾರುತ್ತದೆ. ಸಿಲಿಂಡರ್ ಸವೆದು ಬೋರ್ ಕೆಲಸಕ್ಕೆ ಬಂದಿದೆ ಅಂತ ಮೆಕ್ಯಾನಿಕ್ ಹೇಳುತ್ತಿದ್ದಾನೆ. ಇಂಜಿನ್ ಬಿಚ್ಚಿಸಲೋ, ಗಾಡಿಯನ್ನೇ ಮಾರಲೋ?

ಎರಡೂ ಬೇಡ. ಕನಿಷ್ಠ ಈ ವಾರ ಬೇಡ.

ಹೀಟು, ಹೊಗೆ, ಎಳೆತ ಈ ಮೂರಕ್ಕೂ ಸಮನಾಗಿ ಸಮಯ ಹಂಚಿಕೊಂಡು ಬಂದಿದ್ದೇನೆ. ಹೀಟಿನಿಂದ ಶುರು ಮಾಡುತ್ತೇನೆ. ಕೈಗಾರಿಕಾ ತರಬೇತಿ ಕೇಂದ್ರದಲ್ಲಿ ಡೀಸೆಲ್ ವಿಭಾಗದ ಹುಡುಗರಿಗೆ ಪಾಠ ಹೇಳುವ ಕಾಲದಿಂದಲೂ ನನಗೆ ಅದೊಂದು ಗೀಳು.

ಖಾಲಿ ಇದ್ದಾಗ ಸುಮ್ಮನಿರುವ ಇಂಜಿನ್ ಏರಿನಲ್ಲೇ ಯಾಕೆ ಕುದಿಯಬೇಕು? ನೀವು ಹಾಕುವ ಡೀಸೆಲ್‌ನ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಇನ್ನೊಂದು ಪಾಲು ಸೈಲೆನ್ಸರಿನಲ್ಲಿ ಹೊಗೆಯ ಜೊತೆ ಹೋಗುತ್ತದೆ. ಉಳಿದದ್ದನ್ನು ಇಂಜಿನ್ ಸುತ್ತ ಓಡಾಡುವ ನೀರು ಹೊತ್ತು ರೇಡಿಯೇಟರಿಗೆ ತಂದು ಗಾಳಿಗೆ ಬಿಡಬೇಕು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿರುವ ಗಾಡಿಯನ್ನು ನೆನಪಿಸಿಕೊಳ್ಳಿ. ಹಿಂದೆ ಮಂಜುಗಡ್ಡೆ ತುಂಬಿದ ಮೀನಿನ ಪೆಟ್ಟಿಗೆ, ಎರಡನೇ ಗೇರು, ಕಾಲು ಪೂರ್ತಿ ಎಕ್ಸಲರೇಟರಿನ ಮೇಲೆ. ಡೀಸೆಲ್ ಹೆಚ್ಚು ಸುಡುತ್ತಿದೆ, ಶಾಖ ಹೆಚ್ಚು ಹುಟ್ಟುತ್ತಿದೆ. ಗಾಡಿ ಮಾತ್ರ ತೆವಳುತ್ತಿದೆ, ಎದುರು ಗಾಳಿಯೇ ಇಲ್ಲ. ಫ್ಯಾನ್ ಒಂದೇ ಗತಿ. ಸಮತಟ್ಟು ರಸ್ತೆಯಲ್ಲಿ ಮುಚ್ಚಿಹೋಗುವ ಹುಳುಕೆಲ್ಲ ಅಲ್ಲಿ ಬಯಲಾಗುತ್ತದೆ. ಅಂದರೆ ಏರಿನಲ್ಲಿ ಹೀಟ್ ಆದ ಮಾತ್ರಕ್ಕೆ ಬೋರ್ ಹೋಯಿತು ಎನ್ನಲಾಗದು. ಶಾಖ ಹೊರಗೆ ಹಾಕುವ ವ್ಯವಸ್ಥೆಯಲ್ಲಿ ಏನೋ ಕೆಟ್ಟಿದೆ, ಅಷ್ಟೇ.

ಏನು ಕೆಟ್ಟಿದೆ? ಬೆಲ್ಟ್ ಸಡಿಲ, ವಾಟರ್ ಪಂಪ್ ಸೋರಿಕೆ, ರೇಡಿಯೇಟರ್ ರೆಕ್ಕೆಗಳಲ್ಲಿ ಮಣ್ಣು, ಹುಲ್ಲು, ಸತ್ತ ಹುಳ. ಇವನ್ನು ಯಾವ ಮೆಕ್ಯಾನಿಕ್ ಆದರೂ ನೋಡುತ್ತಾನೆ. ನೋಡದೆ ಬಿಡುವುದು, ಅಷ್ಟೇ ಅಲ್ಲ, ತಾನೇ ಕಿತ್ತು ಎಸೆಯುವುದು ಒಂದಿದೆ: ಥರ್ಮೋಸ್ಟಾಟ್. ಗ್ಯಾರೇಜಿನವರು 'ವಾಲ್ವ್' ಎನ್ನುವ, ಅಂಗೈಯಲ್ಲಿ ಹಿಡಿಸುವ ಆ ಹಿತ್ತಾಳೆಯ ಸಾಮಾನು.

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಗಾಡಿ ಹೀಟ್ ಆಗುತ್ತದೆ ಎಂದ ಕೂಡಲೇ ಮೊದಲ ಕೆಲಸ ವಾಲ್ವ್ ತೆಗೆಯುವುದು. 'ನೀರಿಗೆ ಅಡ್ಡ ಇರುತ್ತೆ ಸಾರ್, ತೆಗೆದರೆ ಫ್ರೀಯಾಗಿ ಹರಿಯುತ್ತೆ.' ಕೇಳಲು ಎಷ್ಟು ಸರಿ ಅನ್ನಿಸುತ್ತದೆ! ತೆಗೆದ ಮಾರನೇ ದಿನ ಮೀಟರಿನ ಮುಳ್ಳೂ ಕೆಳಗೇ ಇರುತ್ತದೆ. ಮಾಲೀಕನಿಗೆ ಸಮಾಧಾನ, ಮೆಕ್ಯಾನಿಕ್‌ಗೆ ಹೆಸರು. ಆಮೇಲೆ ಘಾಟಿಯಲ್ಲಿ ಮತ್ತೆ ಕುದಿಯುತ್ತದೆ.

ವಾಲ್ವ್ ಮಾಡುವ ಕೆಲಸ ಕೇಳಿ. ಅದರ ಹೊಟ್ಟೆಯಲ್ಲಿ ಒಂದು ಬಗೆಯ ಮೇಣ ಇರುತ್ತದೆ. ನೀರು 80ರಿಂದ 85 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮೇಣ ಕರಗಿ ಹಿಗ್ಗುತ್ತದೆ, ಕಡ್ಡಿಯನ್ನು ತಳ್ಳುತ್ತದೆ, ಬಾಗಿಲು ತೆರೆಯುತ್ತದೆ. ಅಲ್ಲಿಯವರೆಗೆ ನೀರು ರೇಡಿಯೇಟರಿಗೆ ಹೋಗುವುದಿಲ್ಲ. ಬೈಪಾಸ್ ಎಂಬ ಒಳದಾರಿಯಲ್ಲಿ ಇಂಜಿನ್ ಒಳಗೇ ಸುತ್ತುತ್ತದೆ. ಮುಖ್ಯವಾದದ್ದು ಈಗ ಬರುತ್ತದೆ. ಅನೇಕ ಇಂಜಿನ್‌ಗಳಲ್ಲಿ ಈ ವಾಲ್ವಿನ ಕೆಳಗೆ ಇನ್ನೊಂದು ಬಿಲ್ಲೆ ಇರುತ್ತದೆ. ಮೇಲಿನ ಬಾಗಿಲು ತೆರೆಯುತ್ತಿದ್ದಂತೆ ಆ ಬಿಲ್ಲೆ ಕೆಳಗಿಳಿದು ಒಳದಾರಿಯನ್ನು ಮುಚ್ಚುತ್ತದೆ. ಆಗ ನೀರಷ್ಟೂ ರೇಡಿಯೇಟರಿಗೇ ಹೋಗಬೇಕು, ಬೇರೆ ದಾರಿ ಇಲ್ಲ. ನೀವು ವಾಲ್ವ್ ಕಿತ್ತರೆ ಈ ಬಿಲ್ಲೆಯೂ ಹೋಯಿತು. ಒಳದಾರಿ ಸದಾ ತೆರೆದೇ ಇರುತ್ತದೆ. ನೀರು ಸಲೀಸಾದ ದಾರಿ ಬಿಟ್ಟು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಯಾಕೆ ನುಸುಳಬೇಕು? ಒಂದಷ್ಟು ಬಿಸಿನೀರು ರೇಡಿಯೇಟರಿನ ಮುಖವನ್ನೇ ನೋಡದೆ ಇಂಜಿನ್‌ಗೆ ವಾಪಸ್ ಬರುತ್ತದೆ. ಸಮತಟ್ಟಿನಲ್ಲಿ ಉಳಿದ ನೀರು ಸಾಕಾಗುತ್ತದೆ. ಏರಿನಲ್ಲಿ ಸಾಕಾಗುವುದಿಲ್ಲ.

ಇನ್ನೊಮ್ಮೆ ಹೇಳುತ್ತೇನೆ, ರೇಡಿಯೋ ಹಾಕಿಕೊಂಡು ಗ್ಯಾರೇಜಿನಲ್ಲಿ ಕೂತವರಿಗೂ ಕೇಳಲಿ. ವಾಲ್ವ್ ಕಿತ್ತ ಗಾಡಿ ತಂಪಾಗಿರಬೇಕಾದಾಗ ಬಿಸಿಯಾಗುತ್ತದೆ, ಬಿಸಿಯಾಗಬೇಕಾದಾಗ ತಣ್ಣಗಿರುತ್ತದೆ.

ತಣ್ಣಗಿದ್ದರೆ ಒಳ್ಳೆಯದಲ್ಲವೇ ಅಂತ ಕೇಳುತ್ತೀರಿ. ಒಳ್ಳೆಯದಲ್ಲ. ಡೀಸೆಲ್ ಇಂಜಿನ್‌ಗೆ ತನ್ನದೇ ಶಾಖ ಬೇಕು. ತಣ್ಣನೆಯ ಸಿಲಿಂಡರಿನಲ್ಲಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉರಿಯದ ಹನಿಗಳು ಗೋಡೆಯ ಮೇಲಿನ ಆಯಿಲನ್ನು ತೊಳೆದುಕೊಂಡು ಕೆಳಗಿನ ಚೇಂಬರಿಗೆ ಇಳಿದು ಅಲ್ಲಿರುವ ಆಯಿಲನ್ನೂ ತೆಳುವಾಗಿಸುತ್ತವೆ. ಉರಿದಾಗ ಹುಟ್ಟುವ ನೀರಿನ ಆವಿ ಒಳಗೇ ಬೆವರಿ ಆಮ್ಲವಾಗುತ್ತದೆ. ರಿಂಗು, ಲೈನರ್ ಸವೆಯುತ್ತವೆ. ಎರಡು ವರ್ಷ ಹೀಗೆ ಓಡಿಸಿ, ಕೊನೆಗೆ 'ಬೋರ್ ಕೆಲಸಕ್ಕೆ ಬಂದಿದೆ' ಅನ್ನುವ ಮಾತು ನಿಜವೇ ಆಗುತ್ತದೆ. ಅದನ್ನು ತಂದದ್ದು ಯಾರು?

ಹೊಸ ವಾಲ್ವಿಗೆ ಸಾಮಾನ್ಯವಾಗಿ ಕೆಲವು ನೂರು ರೂಪಾಯಿ. ಹಳೆಯದು ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಯಂತ್ರ ಬೇಕಾಗಿಲ್ಲ. ದಾರ ಕಟ್ಟಿ, ನೀರು ತುಂಬಿದ ಹಳೇ ಪಾತ್ರೆಯೊಳಗೆ ಇಳಿಬಿಟ್ಟು ಒಲೆಯ ಮೇಲಿಡಿ. ನೀರು ಮಳ್ಳುವ ಮೊದಲೇ ಅದು ಬಾಯಿ ಬಿಡಬೇಕು, ತಣಿದಾಗ ಮುಚ್ಚಿಕೊಳ್ಳಬೇಕು. ಇಲ್ಲದಿದ್ದರೆ ಬದಲಿಸಿ. ತೆಗೆದು ಖಾಲಿ ಬಿಡಬೇಡಿ.

ಇದರ ತಮ್ಮ ರೇಡಿಯೇಟರಿನ ಮುಚ್ಚಳ. ನೀರು 100 ಡಿಗ್ರಿಗೆ ಕುದಿಯುವುದು ಮಂಗಳೂರಿನಲ್ಲಿ, ಸಮುದ್ರದ ಮಟ್ಟದಲ್ಲಿ. ಕೋಲಾರ, ಬೆಂಗಳೂರಿನ ಎತ್ತರದಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಇಂಜಿನ್ ಕಷ್ಟಪಡುವಾಗ ನೀರು ಅಷ್ಟು ಬಿಸಿಯಾಗುವುದು ಸಹಜ. ಅದಕ್ಕೇ ಮುಚ್ಚಳದಲ್ಲಿ ಸ್ಪ್ರಿಂಗ್ ಇಟ್ಟು ಒಳಗಿನ ಒತ್ತಡ ಹೆಚ್ಚಿಸಿರುತ್ತಾರೆ, ಅಡುಗೆಮನೆಯ ಕುಕ್ಕರಿನಂತೆ. ಒಳ್ಳೆಯ ಮುಚ್ಚಳ ಇದ್ದರೆ ಬರೀ ನೀರು ಕೂಡ 110 ದಾಟಿದರೂ ಕುದಿಯುವುದಿಲ್ಲ. ಸ್ಪ್ರಿಂಗ್ ಸತ್ತ, ರಬ್ಬರ್ ಹರಿದ ಮುಚ್ಚಳ ಇದ್ದರೆ ಇಂಜಿನ್ ಎಷ್ಟೇ ಗಟ್ಟಿಮುಟ್ಟಾಗಿರಲಿ, ಕುದಿಯುತ್ತದೆ. ಮುಚ್ಚಳ ಕಳೆದುಹೋಗಿ ಬಟ್ಟೆ ತುರುಕಿದ ಗಾಡಿಗಳನ್ನೂ ನಾನು ನೋಡಿದ್ದೇನೆ. ಅಂಥವರು ಹೆಡ್ ಗ್ಯಾಸ್ಕೆಟ್ ಮೇಲೆ ಗ್ಯಾಸ್ಕೆಟ್ ಬದಲಿಸುತ್ತಾರೆ, ಮುಚ್ಚಳ ಮಾತ್ರ ಕೊಳ್ಳುವುದಿಲ್ಲ.

ಒಳಗಿನ ಈ ಒತ್ತಡದ ಕಾರಣಕ್ಕೇ, ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ. ಒತ್ತಡ ಇಳಿದ ಕ್ಷಣ ನೀರು ಆವಿಯಾಗಿ ಮುಖಕ್ಕೆ ಎರಚುತ್ತದೆ. ಗೋಣಿಚೀಲ ಹಾಕಿ ತಿರುಗಿಸಿದರೆ ಏನೂ ಆಗಲ್ಲ ಅನ್ನುವವರಿದ್ದಾರೆ. ಆಗುತ್ತದೆ. ನನ್ನ ಶಿಷ್ಯನೊಬ್ಬನ ಮುಂಗೈಯಲ್ಲಿ ಅದರ ಗುರುತು ಇಂದಿಗೂ ಇದೆ. ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಕನಿಷ್ಠ ಅರ್ಧ ಗಂಟೆ ಕಾಯಿರಿ. ಮೇಲಿನ ಹೋಸ್ ಹಿಸುಕಿದರೆ ಮೆತ್ತಗಾಗಿರಬೇಕು, ಮುಟ್ಟಿದರೆ ಸುಡಬಾರದು. ಪಕ್ಕದ ಹಳ್ಳದಿಂದ ಬಿಂದಿಗೆ ತಂದು ಕಾದ ಇಂಜಿನ್ ಮೇಲೆ ಸುರಿಯುವ ಪರೋಪಕಾರಿಗಳು ದಾರಿಯಲ್ಲಿ ಸಿಗುತ್ತಾರೆ. ಕೈಮುಗಿದು ಕಳಿಸಿ. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಹೆಡ್ ಬಿರುಕು ಬಿಡಬಹುದು.

ಮುಳ್ಳನ್ನೂ ಕುರುಡಾಗಿ ನಂಬಬೇಡಿ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ. ನೀರೆಲ್ಲ ಹೊರಟುಹೋದರೆ ಮುಳ್ಳು ಕೆಳಗೆ ಬೀಳಬಹುದು. ಕೆಂಪಿನವರೆಗೆ ಏರಿದ ಮುಳ್ಳು ಏರಿನ ನಡುವೆ ತಟ್ಟನೆ ಇಳಿದರೆ 'ಅಬ್ಬಾ, ತಂಪಾಯಿತು' ಅಂತ ಓಡಿಸಬೇಡಿ. ಆಗಲೇ ನಿಲ್ಲಿಸಬೇಕು.

ಇನ್ನು ನೀರು. ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗದ ಬೋರ್‌ವೆಲ್ ನೀರಿನಲ್ಲಿ ಸ್ನಾನದ ಹಂಡೆ ಏನಾಗುತ್ತದೆ ನಿಮಗೆ ಗೊತ್ತು. ಆ ಬಿಳೀ ಸುಣ್ಣ ಇಂಜಿನ್ ಒಳಗೂ ಕಟ್ಟುತ್ತದೆ. ತೆಳ್ಳಗೆ ಕಟ್ಟಿದರೂ ಸಾಕು, ಶಾಖ ಲೋಹದಿಂದ ನೀರಿಗೆ ಸರಿಯಾಗಿ ದಾಟುವುದಿಲ್ಲ. ಕೂಲೆಂಟ್ ಹಾಕಿ ಎಂದರೆ, ಅದು ಹಿಮ ಬೀಳುವ ಕಡೆಯವರಿಗೆ, ನಮಗ್ಯಾಕೆ ಅನ್ನುತ್ತಾರೆ. ಕೂಲೆಂಟ್ ನೀರು ಕುದಿಯುವ ಬಿಂದುವನ್ನೂ ಏರಿಸುತ್ತದೆ, ತುಕ್ಕು ಹಿಡಿಯದಂತೆಯೂ ನೋಡಿಕೊಳ್ಳುತ್ತದೆ. ನಮಗೆ ಬೇಕಾದದ್ದು ಅದೇ. ಬೆರೆಸದೆ ಮಾರುವ ಕೂಲೆಂಟ್ ತಂದರೆ ಅರ್ಧ ಕೂಲೆಂಟ್, ಅರ್ಧ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಬೆರೆಸಿಯೇ ಮಾರುವುದಕ್ಕೆ ಮತ್ತೆ ನೀರು ಸೇರಿಸಬೇಡಿ. ಒಂದು ಎಚ್ಚರಿಕೆ: ಅದು ಸಿಹಿಯಾಗಿರುವ ವಿಷ. ಬಿಚ್ಚಿ ಚೆಲ್ಲಿದ್ದನ್ನು ನಾಯಿ, ಕರು ನೆಕ್ಕಿದರೆ ಸಾಯುತ್ತವೆ. ಮಕ್ಕಳ ಕೈಗೆ ಬಾಟಲಿ ಸಿಗಬಾರದು.

ಹೆಡ್ ಗ್ಯಾಸ್ಕೆಟ್ ನಿಜವಾಗಿಯೂ ಹೋಗಿದ್ದರೆ ಅದು ಬಿಚ್ಚುವ ಮೊದಲೇ ಹೇಳುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಒಂದೇ ಸಮನೆ ಗುಳ್ಳೆ ಬರುತ್ತಿದೆಯೇ? ಮುಚ್ಚಳ ಹಾಕಿದ ಮೇಲೆ, ಇಂಜಿನ್ ಕಾಯುವ ಮೊದಲೇ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತಿದೆಯೇ? ಎಲ್ಲೂ ಸೋರದೆ ನೀರು ಕಡಿಮೆಯಾಗುತ್ತಿದೆಯೇ? ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆತಂತೆ ಕಾಣುತ್ತಿದೆಯೇ? ಹಾಗಿದ್ದರೆ ಹೆಡ್ ತೆಗೆಯಲೇಬೇಕು. ತೆಗೆದ ಮೇಲೆ ಫೇಸಿಂಗ್ ನೋಡದೆ ಹೊಸ ಗ್ಯಾಸ್ಕೆಟ್ ಕೂರಿಸಲು ಬಿಡಬೇಡಿ. ಸೊಟ್ಟಗಾದ ಹೆಡ್ಡಿನ ಕೆಳಗೆ ಅದೂ ಉಳಿಯುವುದಿಲ್ಲ. ಆದರೆ ಮಡಿಕೇರಿ, ಸಕಲೇಶಪುರದವರು ಆಯಿಲ್ ಹಾಕುವ ಮುಚ್ಚಳದ ಅಡಿಯಲ್ಲಿ ಮಾತ್ರ ಸ್ವಲ್ಪ ಬಿಳೀ ನೊರೆ ಕಂಡು ಹೆದರಬೇಕಿಲ್ಲ. ಚಳಿ ದಿನಗಳಲ್ಲಿ ಹತ್ತಿರ ಹತ್ತಿರ ಓಡಿಸಿದ ಗಾಡಿಯಲ್ಲಿ ಬರೀ ಬೆವರೂ ಹಾಗೆ ಕಾಣುತ್ತದೆ.

ಗಾಜಿನ ಆಚೆಯಿಂದ ನಿಲಯದವರು ಕೈಗಡಿಯಾರ ತೋರಿಸುತ್ತಿದ್ದಾರೆ. ಹೊಗೆ, ಎಳೆತ ಎರಡನ್ನೂ ಓಡುತ್ತ ಮುಗಿಸಬೇಕು.

ಕಪ್ಪು ಹೊಗೆ ಅಂದರೆ ಗಾಳಿ ಸಾಲದು, ಇಲ್ಲವೇ ಡೀಸೆಲ್ ಹೆಚ್ಚು. ಮೊದಲು ಏರ್ ಫಿಲ್ಟರ್, ಆಮೇಲೆ ಟರ್ಬೊದಿಂದ ಬರುವ ರಬ್ಬರ್ ಹೋಸಿನಲ್ಲಿ ಸೀಳು, ನಾಝಲ್ ಕೊನೆಗೆ. ಹೋಸ್ ಸೀಳಿದ್ದರೆ ಎಳೆತವೂ ಹೋಗುತ್ತದೆ, ಏರಿನಲ್ಲಿ ಪುಸ್ ಎಂಬ ಸದ್ದೂ ಬರುತ್ತದೆ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಅದರ ಜೊತೆಗೆ ಆಯಿಲ್ ಮುಚ್ಚಳ ತೆಗೆದಾಗ ಒಳಗಿಂದ ಹೊಗೆ ಜೋರಾಗಿ ಬುಸುಗುಟ್ಟಿದರೆ ಮಾತ್ರ ಬೋರಿನ ಮಾತು ಎತ್ತಿ. ಹೊಗೆ ಇಲ್ಲ, ಎಳೆತವೂ ಇಲ್ಲ ಎಂದರೆ ಡೀಸೆಲ್ ಫಿಲ್ಟರ್ ನೋಡಿ, ಅದರ ತಳದ ತಿರುಪು ಸಡಿಲಿಸಿ ನೀರು ಇಳಿಸಿ. ಆಯಿಲ್ ಕಪ್ಪಾಯಿತು ಅಂತ ದೂರುವವರಿಗೆ ಒಂದು ಮಾತು: ಡೀಸೆಲ್ ಇಂಜಿನ್‌ನಲ್ಲಿ ಆಯಿಲ್ ಕಪ್ಪಾಗಲೇಬೇಕು, ಮಸಿ ಹಿಡಿದುಕೊಳ್ಳುವುದು ಅದರ ಕೆಲಸ. ಬಣ್ಣ ನೋಡಬೇಡಿ, ಕಿಲೋಮೀಟರ್ ನೋಡಿ ಬದಲಿಸಿ.

ಘಾಟಿ ಇಳಿಯುವಾಗ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರ ಬಗ್ಗೆ ಬೇರೆ ದಿನವೇ ಮಾತಾಡಬೇಕು. ಸದ್ಯಕ್ಕೆ ಇಷ್ಟು: ಕಾಮನ್ ರೈಲ್ ಗಾಡಿ ಗೇರಿನಲ್ಲಿದ್ದು ನೀವು ಎಕ್ಸಲರೇಟರ್ ಬಿಟ್ಟರೆ ಅದು ತಾನೇ ಡೀಸೆಲ್ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಉಳಿತಾಯ ಇಲ್ಲ, ಬ್ರೇಕ್ ಕಾಯುವುದು ಉಂಟು.

ಲೋಡ್ ವಿಷಯ ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. 2005ರಲ್ಲಿ ಬಂದ ಟಾಟಾ ಏಸ್‌ನ ಮೊದಲ ಇಂಜಿನ್‌ಗೆ ಎರಡೇ ಸಿಲಿಂಡರ್, 702 ಸಿಸಿ, 16 ಅಶ್ವಶಕ್ತಿ. ಸುಮಾರು ಮುಕ್ಕಾಲು ಟನ್ ಹೊರಲು ಮಾಡಿದ ಗಾಡಿ. ಅದಕ್ಕೆ ಒಂದೂವರೆ ಟನ್ ಟೊಮ್ಯಾಟೊ ಹೇರಿ ಹೀಟ್ ಆಗುತ್ತದೆ ಎಂದು ಪತ್ರ ಬರೆದರೆ ನನ್ನ ಬಳಿ ಉತ್ತರವಿಲ್ಲ.

ನಾಳೆ ಬೆಳಿಗ್ಗೆ ಗ್ಯಾರೇಜಿಗೆ ಹೋದಾಗ ಬೋರ್ ಕೆಲಸಕ್ಕೆ ಎಷ್ಟಾಗುತ್ತದೆ ಅಂತ ಕೇಳುವ ಮೊದಲು ಇದನ್ನು ಕೇಳಿ: ನನ್ನ ಗಾಡಿಯಲ್ಲಿ ವಾಲ್ವ್ ಇದೆಯಾ? ಇಲ್ಲ ಎಂದರೆ ಹಾಕಿಸಿ, ಮುಚ್ಚಳವನ್ನೂ ಬದಲಿಸಿ, ರೇಡಿಯೇಟರ್ ತೊಳೆಸಿ, ಕೂಲೆಂಟ್ ತುಂಬಿಸಿ ಒಂದು ಏರು ಹತ್ತಿಸಿ ನೋಡಿ. ಆಮೇಲೂ ಕುದಿದರೆ ಪತ್ರ ಬರೆಯಿರಿ. ಗಾಡಿ ಯಾವುದು, ಎಷ್ಟು ಲೋಡ್, ಯಾವ ಬಣ್ಣದ ಹೊಗೆ ಎಂದು ಅದರಲ್ಲಿ ಮರೆಯದೆ ತಿಳಿಸಿ.